ಸೋರದ ಗೊಜ್ಜು

ನಾನು ಕೆಲವು ವರ್ಷ ಕಿತ್ತಳೆ ಸಿಪ್ಪೆ ಮಾರಿದ್ದೇನೆ. ಹೀಗೆಂದಕೂಡಲೇ ಜನ ನನ್ನನ್ನು ಕಲ್ಯಾಣ ಸ್ಟೇಷನ್ನಿನ ಹೊರಗೆ ಬುಟ್ಟಿ ಇಟ್ಟುಕೊಂಡು ಕೂತವಳೆಂದು ತಿಳಿಯುತ್ತಾರೆ. ತಿಳಿಯಲಿ ಬಿಡಿ. ನಾನು ಮಾರಿದ್ದು ನವಿ ಮುಂಬಯಿಯ ತುರ್ಭೆಯಲ್ಲಿ, ಎಸಿ ಇರುವ ಆಫೀಸಿನಲ್ಲಿ, ಕುತ್ತಿಗೆಗೆ ಕಾರ್ಡು ನೇತುಹಾಕಿಕೊಂಡು. ಆಫೀಸಿನವರು ಅದನ್ನು ಸಿಟ್ರಸ್ ಫೈಬರ್ ಎನ್ನುತ್ತಿದ್ದರು. ಮನೆಯಲ್ಲಿ ಅಪ್ಪ ಸಿಪ್ಪೆ ಹುಡಿ ಎನ್ನುತ್ತಿದ್ದರು.

ಸಂಗತಿ ಇಷ್ಟೇ. ಹೊರದೇಶದ ಜ್ಯೂಸ್ ಕಾರ್ಖಾನೆಗಳಲ್ಲಿ ಕಿತ್ತಳೆ, ನಿಂಬೆಗಳನ್ನು ಹಿಂಡಿ ರಸ ತೆಗೆದ ಮೇಲೆ ಸಿಪ್ಪೆ, ನಾರು ಎಲ್ಲ ಗುಡ್ಡೆ ಬೀಳುತ್ತದೆ. ಯಾರೋ ಪುಣ್ಯಾತ್ಮ ಅದನ್ನು ತೊಳೆದು, ಒಣಗಿಸಿ, ನುಣ್ಣಗೆ ಬೀಸಿ ನೋಡಿದ. ರುಚಿಯಿಲ್ಲ, ವಾಸನೆಯಿಲ್ಲ, ಆದರೆ ನೀರು ಕಂಡರೆ ಸಾಕು, ಕುಡಿದು ಹೊಟ್ಟೆಯುಬ್ಬಿಸಿಕೊಂಡು ಕೂರುತ್ತದೆ, ಮತ್ತೆ ಬಿಡುವುದಿಲ್ಲ. ಅಲ್ಲಿಂದ ಶುರುವಾಯಿತು ಅದರ ದೇಶಸಂಚಾರ. ಮೊಟ್ಟೆಯಿಲ್ಲದ ಕೇಕು ಒಣಗದಿರಲು ಅದು ಬೇಕು, ಸಾಸು ನೀರೊಡೆಯದಿರಲು ಅದು ಬೇಕು. ಲೇಬಲ್ಲಿನ ಮೇಲೆ ರಾಸಾಯನಿಕದ ಹೆಸರು ಬರೆಯಲು ನಾಚುವವರಿಗಂತೂ ಹಣ್ಣಿನ ನಾರು ಎಂದು ಬರೆಯುವುದೇ ಒಂದು ಭಾಗ್ಯ. ಹಾಗಾಗಿ ಸಿಪ್ಪೆ ಮೂಟೆ ಮೂಟೆಯಾಗಿ ಹಡಗು ಹತ್ತಿ, ನ್ಹಾವಾ ಶೇವಾ ಬಂದರಿನಲ್ಲಿ ಇಳಿದು, ಭಿವಂಡಿಯ ಗೋದಾಮಿಗೆ ಬಂದು, ಅಲ್ಲಿಂದ ಸ್ಯಾಂಪಲ್ ಪೊಟ್ಟಣವಾಗಿ ನನ್ನ ಕೈಚೀಲ ಸೇರುತ್ತಿತ್ತು. ನಾನು ಅದನ್ನು ಹೊತ್ತುಕೊಂಡು ಬೇಕರಿಗಳಿಗೆ, ಸಾಸಿನ ಫ್ಯಾಕ್ಟರಿಗಳಿಗೆ, ಒಮ್ಮೊಮ್ಮೆ ಬದಲಾಪುರದವರೆಗೂ ಹೋಗುತ್ತಿದ್ದೆ.

"ಸಿಪ್ಪೆಯನ್ನು ಹಡಗಿನಲ್ಲಿ ತರಿಸುವುದಾ?" ಎಂದು ಅಮ್ಮ ಮೊದಲ ದಿನ ಕೇಳಿದ್ದಳು. "ನಮ್ಮಲ್ಲಿ ಎಂತ, ಸಿಪ್ಪೆಗೆ ಬರಗಾಲವಾ?"

ಹಿತ್ತಲ ಗಿಡ ಮದ್ದಲ್ಲ ಎಂದು ನಾನು ನಕ್ಕೆ. ನಮ್ಮದು ಉಡುಪಿ ಕಡೆಯ ಮನೆ. ಕಿತ್ತಳೆ ಹಣ್ಣನ್ನು ತಿನ್ನುವುದೇ ಸಿಪ್ಪೆಗಾಗಿ ಎನ್ನಬೇಕು. ಅಮ್ಮ ಅದನ್ನು ಸಣ್ಣಗೆ ಹೆಚ್ಚಿ, ಎಣ್ಣೆಯಲ್ಲಿ ಬಾಡಿಸಿ, ಹುಳಿ, ಬೆಲ್ಲ, ಹಸಿಮೆಣಸು ಹಾಕಿ ಗೊಜ್ಜು ಕುದಿಸಿದರೆ ವಾಸನೆ ಲಿಫ್ಟಿನವರೆಗೆ ಹೋಗುತ್ತಿತ್ತು.

ಅಪ್ಪನದು ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಒಂದು ಸಸ್ಯಾಹಾರಿ ಹೋಟೆಲು. ಅವರ ಲೆಕ್ಕದಲ್ಲಿ ಹಬೆ ಏಳದಿದ್ದರೆ ಅದು ಕೆಲಸವಲ್ಲ. ಕಾಫಿಗೆ ಹಬೆ ಏಳುತ್ತದೆ, ಇಡ್ಲಿಗೆ ಏಳುತ್ತದೆ, ನನ್ನ ಹುಡಿಗೆ ಏನು ಏಳುತ್ತದೆ? ಇಷ್ಟು ವರ್ಷಗಳಲ್ಲಿ ನನ್ನ ಕೆಲಸದ ಬಗ್ಗೆ ಅವರು ಒಂದೇ ಒಂದು ಪ್ರಶ್ನೆಯನ್ನೂ ಕೇಳಿದವರಲ್ಲ. ಯಾರಾದರೂ ಗಿರಾಕಿ "ಮಗಳು ಏನು ಮಾಡ್ತಾಳೆ?" ಎಂದರೆ "ಆಫೀಸು" ಎಂದು ಹೇಳಿ ಚಿಲ್ಲರೆ ಕೊಡುತ್ತಿದ್ದರು. ನನಗೆ ಅದು ಚುಚ್ಚುತ್ತಿತ್ತು. ನನ್ನದು ಮೊದಲೇ ಮೂಗಿನ ತುದಿಯ ಕೋಪ.

ಇಂಥ ಹೊತ್ತಿನಲ್ಲಿ ಒಂದು ಸಂಬಂಧ ಬಂತು. ಹುಡುಗ ಥಾಣೆಯ ಒಂದು ಬ್ಯಾಂಕಿನಲ್ಲಿದ್ದ, ಮನೆ ಕಲ್ಯಾಣದಲ್ಲಿ. ಇಲ್ಲೇ ಹುಟ್ಟಿ ಬೆಳೆದವನು, ಕನ್ನಡ ಪೂರಾ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. ನೋಡಲು ಬಂದ ದಿನ ನಮ್ಮಿಬ್ಬರನ್ನು ಬಾಲ್ಕನಿಗೆ ಕಳಿಸಿದರು. ಹವ್ಯಾಸ ಏನು, ಅಡುಗೆ ಬರುತ್ತದಾ ಎಂದು ಕೇಳುತ್ತಾನೆಂದುಕೊಂಡಿದ್ದೆ. ಒಳಗೆ ಅಮ್ಮ ನನ್ನ ಕೆಲಸದ ಬಗ್ಗೆ ಹೇಳಿದ್ದು ಕಿವಿಗೆ ಬಿದ್ದಿತ್ತೇನೋ, ಅವನು, "ವೋ ಪೌಡರ್ ಪಾನೀ ಛೋಡತಾ ನಹೀ, ಮತಲಬ್ ಕ್ಯಾ?" ಎಂದ, ಆ ಹುಡಿ ನೀರು ಬಿಡುವುದಿಲ್ಲವೆಂದರೆ ಏನು ಅಂತ.

ನಾನು ಒಳಗೆ ಹೋಗಿ ಪೊಟ್ಟಣ ತಂದು, ಅವನ ಕೈಯಲ್ಲಿದ್ದ ನೀರಿನ ಲೋಟಕ್ಕೆ ಹುಡಿ ಸುರಿದು ಚಮಚದಿಂದ ಕಡೆದು ತೋರಿಸಿದೆ. ಅವನು ನಂಬಿಕೆಯಿಂದ ಲೋಟ ಬೋರಲು ಹಾಕಿದ. ಮುಕ್ಕಾಲು ಪಾಲು ಲೋಟದಲ್ಲೇ ನಿಂತಿತು, ಕಾಲು ಪಾಲು ಅವನ ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೆ ಬಿತ್ತು. ಅವನು ಪ್ಯಾಂಟು ನೋಡಲಿಲ್ಲ, ಲೋಟದ ಒಳಗೆ ಇಣುಕಿ ನೋಡಿ ನಕ್ಕ. ನನಗೆ ಅಲ್ಲೇ ಮನಸ್ಸಾಯಿತು.

ಆದರೆ ಎರಡೇ ದಿನದಲ್ಲಿ ಮಧ್ಯಸ್ಥಿಕೆಯ ದೊಡ್ಡಮ್ಮ ಫೋನು ಮಾಡಿದಳು. ಹುಡುಗನ ತಾಯಿಗೆ ಹುಡುಗಿ ಒಪ್ಪಿಗೆ, ಕೆಲಸ ಮಾತ್ರ ಒಪ್ಪಿಗೆಯಿಲ್ಲ. ಚೀಲ ಹಾಕಿಕೊಂಡು ಫ್ಯಾಕ್ಟರಿ ಫ್ಯಾಕ್ಟರಿ ತಿರುಗುವುದನ್ನು ಮದುವೆಯ ನಂತರ ಬಿಡಬೇಕು. ಭಾನುವಾರ ಊಟಕ್ಕೆ ಬಂದಾಗ ಮಾತು ಮುಗಿಸಿಬಿಡುವುದಂತೆ.

"ಬಿಟ್ಟರಾಯ್ತು," ಎಂದರು ಅಪ್ಪ. "ಸಿಪ್ಪೆ ಹುಡಿಗಾಗಿ ಯಾರಾದರೂ ಒಳ್ಳೆ ಸಂಬಂಧ ಬಿಡ್ತಾರಾ?"

ನನಗೆ ಹುಡುಗನೂ ಬೇಕಿತ್ತು, ಹುಡಿಯೂ ಬೇಕಿತ್ತು. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎನ್ನುವುದು ಇದಕ್ಕೇ ಇರಬೇಕು. ಭಾನುವಾರದವರೆಗೆ ನಾನು ಅಪ್ಪನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವರಿಗೆ ಅದು ಗೊತ್ತೇ ಆಗಲಿಲ್ಲ, ಏಕೆಂದರೆ ಹೋಟೆಲಿನಿಂದ ಬರುವಷ್ಟರಲ್ಲಿ ಅವರಿಗೂ ಮಾತು ಮುಗಿದಿರುತ್ತಿತ್ತು.

ಆ ಭಾನುವಾರ ಅಮ್ಮ ಮೂರು ಜನ ನೆಂಟರ ಲೆಕ್ಕದಲ್ಲಿ ಸಿಪ್ಪೆ ಗೊಜ್ಜು ಮಾಡಿದ್ದಳು. ಗೊಜ್ಜು ಕುದಿಯುತ್ತಿದ್ದಾಗ ದೊಡ್ಡಮ್ಮನ ಫೋನು ಬಂತು. ಹುಡುಗನ ಚಿಕ್ಕಪ್ಪ, ಚಿಕ್ಕಮ್ಮ, ಸೋದರತ್ತೆ ಕೂಡ ಬರುತ್ತಿದ್ದಾರಂತೆ. ಹೋಟೆಲಿನವರ ಮನೆಯಲ್ಲಿ ಇದಕ್ಕೆ ಯಾರೂ ಹೆದರುವುದಿಲ್ಲ. ಅಮ್ಮ ಕಣ್ಣು ಮಿಟುಕಿಸದೆ ಗೊಜ್ಜಿಗೆ ಎರಡು ಚೊಂಬು ನೀರು ಹೊಯ್ದಳು. ಆಮೇಲೆ ಸೌಟೆತ್ತಿ ನೋಡಿದಳು. ಸಿಪ್ಪೆ ಚೂರುಗಳು ಕೆರೆಯಲ್ಲಿ ಮೀನಿನಂತೆ ಓಡಾಡುತ್ತಿದ್ದವು.

"ಅಕ್ಕಿ ಹಿಟ್ಟು ಕದಡಿ ಹಾಕ್ತೇನೆ," ಎಂದಳು.

"ರುಚಿ ಮಂಕಾಗ್ತದೆ. ಬಿಡು, ನಾನು ನೋಡ್ತೇನೆ," ಎಂದು ನಾನು ಸ್ಯಾಂಪಲ್ ಪೊಟ್ಟಣ ಬಿಚ್ಚಿದೆ. ಬೆಲ್ಲದ ಪುಡಿಯಲ್ಲಿ ಒಂದಿಷ್ಟು ಹುಡಿ ಬೆರೆಸಿ ಗೊಜ್ಜಿಗೆ ಉದುರಿಸಿ ಕಡೆದೆ. ಸ್ವಲ್ಪ ಹೊತ್ತು ಬಿಟ್ಟರೆ ಹದಕ್ಕೆ ಬರುತ್ತದೆ ಎಂದು ಹೇಳಿ ಸೀರೆ ಉಡಲು ಹೋದೆ.

ಸ್ವಲ್ಪ ಹೊತ್ತು ಬಿಡುವುದು ಅಮ್ಮನ ಜಾಯಮಾನವಲ್ಲ. ಅವಳು ಜೀವಮಾನವಿಡೀ ಅಕ್ಕಿ ಹಿಟ್ಟನ್ನು ಮುಷ್ಟಿಯಲ್ಲಿ ಅಳೆದವಳು. ಇನ್ನೂ ತೆಳುವಿದೆ ಎನ್ನಿಸಿ ನನ್ನ ಹುಡಿಯನ್ನೂ ಹಾಗೇ ಒಂದು ಮುಷ್ಟಿ, ದೇವರ ಮೇಲೆ ಭಾರ ಹಾಕಿ ಇನ್ನೊಂದು ಮುಷ್ಟಿ ಸುರಿದು, ಮಜ್ಜಿಗೆಯ ಕಡೆಗೋಲು ತಂದು ಚೆನ್ನಾಗಿ ಕಡೆದಿದ್ದಾಳೆ. ಈ ಹುಡಿಯನ್ನು ಕಡೆದಷ್ಟೂ ಅದು ಅರಳುತ್ತದೆ. ಫ್ಯಾಕ್ಟರಿಗಳಲ್ಲಿ ಇದಕ್ಕೆಂದೇ ದೊಡ್ಡ ಮಶೀನುಗಳಿರುತ್ತವೆ, ನಮ್ಮಲ್ಲಿ ಅಮ್ಮ ಇದ್ದಳು.

ನಾನು ಸೆರಗು ಸರಿಮಾಡಿಕೊಂಡು ಹೊರಬರುವಷ್ಟರಲ್ಲಿ ನೆಂಟರು ಬಂದಾಗಿತ್ತು. ಹಳಿ ರಿಪೇರಿಗೆಂದು ಲೋಕಲ್ ನಿಲ್ಲಿಸುವ ಭಾನುವಾರದ ಮೆಗಾಬ್ಲಾಕಿನಿಂದ ತಡವಾಗುತ್ತದೆಂದು ನಾವು ನಂಬಿದ್ದೆವು, ಅವರು ಮೆಗಾಬ್ಲಾಕಿಗೆ ಹೆದರಿ ಬೇಗ ಹೊರಟಿದ್ದರು. ಎಲೆ ಹಾಕಿ ಕೂರಿಸಿದೆವು. ಬಡಿಸುವುದು ಅಪ್ಪನ ಹಠ. ಮನೆಯಲ್ಲೂ ಅವರಿಗೆ ಬಕೆಟ್ಟೇ ಬೇಕು.

ಹುಡುಗನ ತಾಯಿಯ ಎಲೆಯ ಮುಂದೆ ಬಾಗಿ ಅಪ್ಪ ಸೌಟು ವಾಲಿಸಿದರು. ಗೊಜ್ಜು ಬೀಳಲಿಲ್ಲ. ಸೌಟು ಪೂರ್ತಿ ಮಗುಚಿದರು. ಆಗಲೂ ಬೀಳಲಿಲ್ಲ. ಬಕೆಟ್ಟಿನ ಅಂಚಿಗೆ ಕುಟ್ಟಿ ಮತ್ತೆ ಹಿಡಿದಾಗ ಥಪ್ಪೆಂದು ಬಿದ್ದು, ಎಲೆಯ ಮೇಲೆ ಗೋಪುರವಾಗಿ ಕೂತಿತು. ಆಕೆ ಬೆರಳಿನಿಂದ ಅದನ್ನು ಮೆಲ್ಲಗೆ ತಳ್ಳಿದರು. ತಳ್ಳಿದಲ್ಲಿಗೆ ಹೋಗಿ ಅಲ್ಲೇ ನಿಂತಿತು.

"ಇದು ಗೊಜ್ಜಾ, ಹಲ್ವಾವಾ?" ಎಂದು ಕೇಳಿದರು.

ಅಮ್ಮ "ಸ್ವಲ್ಪ ದಪ್ಪ ಆಯ್ತು," ಎನ್ನುತ್ತ ನನ್ನತ್ತ ನೋಡಿ ಕಣ್ಣಲ್ಲೇ ಬೇಡ ಬೇಡ ಎಂದಳು. ಅಕ್ಕಿ ಹಿಟ್ಟು ಜಾಸ್ತಿಯಾಯಿತು ಎಂದರೆ ಮುಗಿಯುತ್ತಿತ್ತು. ಆದರೆ ಇವತ್ತು ಮುಚ್ಚಿಟ್ಟರೆ ಇವರ ಮನೆಯಲ್ಲಿ ಜೀವನಪೂರ್ತಿ ಮುಚ್ಚಿಡಬೇಕಾಗುತ್ತದೆ ಎನಿಸಿ ನನಗೆ ರೋಷ ಬಂತು.

"ಅದಕ್ಕೆ ನನ್ನ ಆಫೀಸಿನ ಹುಡಿ ಹಾಕಿದ್ದೇವೆ. ಅದೂ ಕಿತ್ತಳೆ ಸಿಪ್ಪೆಯದ್ದೇ," ಎಂದೆ.

ಅಪ್ಪ ಬಕೆಟ್ಟು ಹಿಡಿದುಕೊಂಡು ನಿಂತಲ್ಲೇ ನಿಂತಿದ್ದರು. ಸೌಟನ್ನು ಮತ್ತೆ ಮಗುಚಿ ನೋಡಿದರು. ಗೊಜ್ಜನ್ನು ಬೆರಳಿಗೆ ಹಚ್ಚಿ ನೆಕ್ಕಿ ನೋಡಿದರು.

"ರುಚಿ ಹಾಗೇ ಉಂಟಲ್ಲ ಮಗಾ," ಎಂದರು. "ಇದು ಚಟ್ನಿಗೆ ಹಾಕಿದರೂ ಹೀಗೇ ನಿಲ್ತದಾ?"

"ಇಷ್ಟು ಬೇಡ. ಒಂದು ಚಿಟಿಕೆ ಸಾಕು."

"ಪಾರ್ಸೆಲ್ ಚಟ್ನಿ ಬದಲಾಪುರ ಮುಟ್ಟುವವರೆಗೆ ನೀರು ಬಿಡದೆ ಇರ್ತದಾ?"

"ಇರ್ತದೆ."

"ಬಿಸಿ ಸಾಂಬಾರಿಗೆ?"

ಪ್ರಶ್ನೆಯ ಮೇಲೆ ಪ್ರಶ್ನೆ. ಆರು ಜನ ನೆಂಟರು ಅನ್ನದ ಗುಡ್ಡೆಯಲ್ಲಿ ಗುಂಡಿ ತೋಡಿಕೊಂಡು ಕಾಯುತ್ತಿದ್ದರು. ಅಪ್ಪನಿಗೆ ಅವರ ನೆನಪೇ ಇರಲಿಲ್ಲ. ಕೊನೆಗೆ ಹುಡುಗನ ತಾಯಿಯೇ ಗಂಟಲು ಸರಿಮಾಡಿಕೊಂಡು, "ಅಲ್ಲ, ಕೆಲಸ ಬಿಡುವ ಮಾತು ಒಂದು ಇತ್ತಲ್ಲ," ಎಂದರು.

ಅಪ್ಪ ಸೌಟಿನಿಂದ ಕಣ್ಣು ತೆಗೆಯದೆ, "ಬಿಡುವುದು ಹೇಗಮ್ಮಾ? ನನ್ನ ಚಟ್ನಿಗೆ ಸ್ಯಾಂಪಲ್ ಯಾರು ತರುವುದು?" ಎಂದರು.

ಮೊದಲು ನಕ್ಕವನು ಹುಡುಗ. "ಬರಾಬರ್ ಹೈ," ಎಂದ. ಅವನ ಚಿಕ್ಕಪ್ಪನೂ ನಕ್ಕರು. ಹುಡುಗನ ತಾಯಿ ನಗಲಿಲ್ಲ. ಗೋಪುರವನ್ನು ಮಾತ್ರ ಪೂರ್ತಿ ಉಂಡರು. ಹೊರಡುವಾಗ ಅಮ್ಮನ ಹತ್ತಿರ, "ಉಳಿದಿದ್ದರೆ ಒಂದು ಡಬ್ಬಿಗೆ ಹಾಕಿಕೊಡಿ," ಎಂದರು. ಅದು ಮರ್ಯಾದೆಯ ಮಾತೋ ಮೆಚ್ಚುಗೆಯೋ ನಮಗೆ ತಿಳಿಯಲಿಲ್ಲ. ಆ ರಾತ್ರಿ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಅವರದೇ ಫೋನು. ಅಮ್ಮ ಸ್ಪೀಕರ್ ಹಾಕಿದಳು.

"ನಿನ್ನೆ ಡಬ್ಬಿಯನ್ನು ಬೇಕೆಂದೇ ಚೀಲದಲ್ಲಿ ಅಡ್ಡ ಮಲಗಿಸಿ ತಂದೆ," ಎಂದರು ಆಕೆ. "ಇಷ್ಟು ವರ್ಷ ಗೊಜ್ಜು ಹೊತ್ತುಕೊಂಡು ಲೋಕಲ್ ಹತ್ತಿದ್ದೇನೆ, ಸೀರೆಗೆ ಕಲೆ ಆಗದ ದಿನವಿಲ್ಲ. ನಿನ್ನೆ ಒಂದು ಹನಿ ಸೋರಲಿಲ್ಲ. ಹುಡುಗಿ ಕೆಲಸ ಮಾಡಿಕೊಂಡಿರಲಿ."

ಅಮ್ಮ ದೇವರಿಗೆ ದೀಪ ಹಚ್ಚಲು ಓಡಿದಳು. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೋಟೆಲಿಗೆ ಹೊರಟಿದ್ದವರು ಬಾಗಿಲಲ್ಲಿ ನಿಂತು ನನ್ನತ್ತ ಕೈ ಚಾಚಿದರು. ನಾನು ಪೊಟ್ಟಣ ಕೊಟ್ಟೆ. ಅದನ್ನು ಅವರು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಮೇಲಿನಿಂದ ಒಮ್ಮೆ ತಟ್ಟಿ ನೋಡಿ, ಮೆಟ್ಟಿಲಿಳಿದರು. ಕೆಳಗೆ ವಾಚ್‌ಮನ್ ಎಂದಿನಂತೆ ನಮಸ್ಕಾರ ಹೇಳಿದಾಗ, "ಇದು ನನ್ನ ಮಗಳ ಕಂಪನಿಯದ್ದು," ಎಂದು ಜೇಬು ತೋರಿಸುತ್ತ ಹೇಳಿದ್ದು ನನಗೆ ಬಾಲ್ಕನಿಯವರೆಗೆ ಕೇಳಿಸಿತು.

ಸಂಬಂಧ ಕೂಡಿಬಂದ ಸಂತೋಷಕ್ಕಿಂತ ಆ ಸಂತೋಷ ದೊಡ್ಡದಿತ್ತು. ನನ್ನ ಗಂಡ ಇದನ್ನು ಓದಿದರೆ ಓದಲಿ.