ಚಮಚದಕ್ಕ ರುಚಿ ನೋಡಿದ ಔಷಧಿ

ಬೂಟು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದ ಆ ಹೆಂಗಸನ್ನು ಎಲ್ಲರೂ ಚಮಚದಕ್ಕ ಎಂದೇ ಕರೆಯುತ್ತಿದ್ದರು. ದಾರಕ್ಕೆ ಕಟ್ಟಿದ ಸ್ಟೀಲ್ ಚಮಚವೊಂದು ಅವಳ ಕೊರಳಲ್ಲಿ ಸದಾ ನೇತಾಡುತ್ತಿತ್ತು. ಮ್ಯಾನೇಜರನ ಸುತ್ತ ಚಮಚಾಗಳು ಬೇಕಾದಷ್ಟಿದ್ದಾರೆ, ಕೆಲಸಕ್ಕೆ ಬರುವ ಚಮಚ ಮಾತ್ರ ಇದೊಂದೇ ಎಂದು ಅಟ್ಟೆ ಹೊಲಿಯುವವರು ನಗುತ್ತಿದ್ದರು. ತನ್ನ ಕೈಯಿಂದ ಇನ್ನೊಬ್ಬರ ಬಾಯಿಗೆ ಹೋಗುವ ಯಾವುದನ್ನೂ ಮೊದಲು ತಾನು ಬಾಯಿಗೆ ಹಾಕದೆ ಕೊಡುವವಳಲ್ಲ ಅವಳು. ಯಾರಾದರೂ ಮನೆಯಿಂದ ತಂದ ಡಬ್ಬಿಯನ್ನು ಬಿಸಿ ಮಾಡಿಕೊಡಿ ಎಂದರೂ ಒಂದು ಚಮಚ ಸುಂಕ ಕಟ್ಟಲೇಬೇಕಿತ್ತು. ‘ನಾನು ತಿನ್ನಲಾರದ್ದನ್ನ ನಿಮಗೆ ಬಡಿಸಿದ್ರೆ ನಾನೆಂಥ ಅಡುಗೆಯವಳು?’ ಎನ್ನುವಳು. ಆಳು ದಪ್ಪ, ದನಿ ಇನ್ನೂ ದಪ್ಪ, ಹೊಟ್ಟೆಯಂತೂ ಕಲ್ಲು ತಿಂದರೂ ಕರಗಿಸುವಂಥದ್ದು. ಕಾಯಿಲೆ ಎಂದು ಅವಳು ರಜೆ ಹಾಕಿದ್ದನ್ನು ಕಂಡವರಿಲ್ಲ.

ಅವಳಿಗೆ ಮದುವೆಯಾಗಿರಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ತಮ್ಮನನ್ನು ಸಾಕಿ, ಲಾರಿ ಓಡಿಸುವುದನ್ನು ಕಲಿಸಿ, ಅವನಿಗೊಂದು ಸಂಸಾರ ಕಟ್ಟಿಕೊಡುವಷ್ಟರಲ್ಲಿ ಅವಳ ಪ್ರಾಯ ಒಲೆಯ ಮುಂದೆ ಕಳೆದಿತ್ತು. ಅದಕ್ಕಾಗಿ ಅವಳು ಮರುಗಿದ್ದೇನೂ ಇಲ್ಲ. ಮರುಗಿದ್ದೆಲ್ಲ ತಮ್ಮನ ಮಗಳಿಗಾಗಿ.

ಆ ಹುಡುಗಿಯನ್ನು ಅತ್ತೆ ಕಡ್ಡಿ ಎಂದು ಕರೆಯುತ್ತಿದ್ದಳು. ಕಡ್ಡಿಯ ಹಾಗೇ ಇದ್ದಳು. ಮೂರು ಹೊತ್ತೂ ವಾಂತಿ; ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಶಾಲೆಗೆ ಹೋದದ್ದಕ್ಕಿಂತ ಆಸ್ಪತ್ರೆಗೆ ಹೋದದ್ದೇ ಹೆಚ್ಚು. ರಕ್ತ ಪರೀಕ್ಷೆಯಾಯಿತು, ಹೊಟ್ಟೆಯೊಳಕ್ಕೆ ಕೊಳವೆ ಇಳಿಸಿ ನೋಡಿದ್ದಾಯಿತು, ಒಮ್ಮೆ ಹೊಟ್ಟೆ ಕೊಯ್ದು ನೋಡಿ ಹೊಲಿದದ್ದೂ ಆಯಿತು. ರೋಗಕ್ಕೆ ಒಂದು ಹೆಸರು ಮಾತ್ರ ಸಿಗಲಿಲ್ಲ. ಇಷ್ಟರಲ್ಲೂ ತಮ್ಮನ ಹೆಂಡತಿ ಮಗಳ ಹಾಸಿಗೆ ಬಿಟ್ಟು ಕದಲುತ್ತಿರಲಿಲ್ಲ. ಮೆತ್ತಗಿನ ಮಾತು, ಕಣ್ಣ ತುಂಬ ನೀರು, ಕೈಯಲ್ಲಿ ಔಷಧಿ. ನರ್ಸುಗಳು ತಮ್ಮ ಚಹಾದಲ್ಲಿ ಅವಳಿಗೆ ಪಾಲು ಕೊಡುತ್ತಿದ್ದರು. ‘ತಾಯಿ ಅಂದ್ರೆ ಹೀಗಿರಬೇಕು’ ಎಂದು ಬೀದಿಯ ಹೆಂಗಸರು ತಮ್ಮ ತಮ್ಮ ಸೊಸೆಯರಿಗೆ ಕೇಳಿಸುವಂತೆ ಹೇಳುತ್ತಿದ್ದರು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಗಾದೆಯನ್ನು ಚಮಚದಕ್ಕನೂ ನಂಬಿದವಳೇ. ಉಪ್ಪು ಹೆಚ್ಚಾದರೆ ಏನಾಗುತ್ತದೆಂದು ಅಡುಗೆಯವಳಿಗೆ ಗೊತ್ತಿರಬೇಕಿತ್ತು, ಆದರೆ ಗಾದೆಯನ್ನು ಯಾರು ರುಚಿ ನೋಡುತ್ತಾರೆ?

‘ಮಗೂನ ನಾಲ್ಕು ದಿನ ನನ್ನ ಹತ್ರ ಬಿಡು, ತಿನ್ನಿಸಿ ಕಳಿಸ್ತೀನಿ’ ಎಂದು ಅವಳು ಎಷ್ಟೋ ಸಲ ಕೇಳಿದ್ದಳು.

‘ಬೇಡ ಅತ್ತಿಗೆ. ಹೆತ್ತವರ ಕಷ್ಟ ಹೆತ್ತವರಿಗೇ ಇರಲಿ’ ಎನ್ನುವಳು ತಮ್ಮನ ಹೆಂಡತಿ, ಬಹಳ ನಯವಾಗಿ. ಆ ಮಾತಿಗೆ ಚಮಚದಕ್ಕ ಎದ್ದು ಮನೆಗೆ ನಡೆಯುತ್ತಿದ್ದಳು.

ಹೀಗಿರುವಾಗ ತಮ್ಮನ ಹೆಂಡತಿ ಮೆಟ್ಟಿಲ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಆಪರೇಷನ್ ಆಗಬೇಕು, ಆಸ್ಪತ್ರೆಯಲ್ಲೇ ಇರಬೇಕು. ತಮ್ಮ ಲಾರಿಯೊಂದಿಗೆ ದೂರದಲ್ಲಿದ್ದ. ಬೇರೆ ದಾರಿಯಿಲ್ಲದೆ ಕಡ್ಡಿ ಅತ್ತೆಯ ಮನೆಗೆ ಬಂದಳು. ಅವಳ ಚೀಲದೊಳಗೆ ಒಂದು ಟಾನಿಕ್ ಬಾಟಲಿಯೂ ಬಂತು. ಮುರಿದ ಕಾಲಿನ ನೋವಿನಲ್ಲೂ ತಾಯಿ ಫೋನು ಮಾಡಿ, ‘ಬೆಳಿಗ್ಗೆ ತಪ್ಪದೆ ಒಂದು ಚಮಚ ಕುಡಿಸಿ ಅತ್ತಿಗೆ. ನೀವೇ ಕುಡಿಸಬೇಕು, ಮರೀಬೇಡಿ’ ಎಂದು ಹೇಳಿದಳು. ಮಗು ಕೈ ತಪ್ಪಿದರೂ ಕಾಯಿಲೆ ಕೈ ತಪ್ಪಬಾರದಲ್ಲ. ಇನ್ನೊಬ್ಬರ ಮನೆಯಲ್ಲಿ ಮಗು ಗುಂಡುಕಲ್ಲಿನಂತೆ ಓಡಾಡಿಕೊಂಡಿದ್ದರೆ ಅಷ್ಟು ವರ್ಷದ ಕಣ್ಣೀರಿಗೆ ಬೆಲೆ ಎಲ್ಲಿ ಉಳಿಯುತ್ತದೆ? ಬಾಟಲಿ ಕಳಿಸಿದರೆ ಅಪಾಯವೇನೂ ಅವಳಿಗೆ ಕಾಣಲಿಲ್ಲ. ಮಗುವಿನ ಟಾನಿಕ್ಕನ್ನು ದೊಡ್ಡವರು ಯಾರೂ ಕುಡಿದು ನೋಡುವುದಿಲ್ಲ. ಅವಳ ಎಣಿಕೆ ತಪ್ಪಿದ್ದು ಅಲ್ಲೇ, ಏಕೆಂದರೆ ಬಾಟಲಿ ಹೋದದ್ದು ಚಮಚದಕ್ಕನ ಮನೆಗೆ.

ಮರುದಿನ ಬೆಳಿಗ್ಗೆ ಅತ್ತೆ ಬಾಟಲಿ ಅಲುಗಿಸಿದಳು, ಕೊರಳ ಚಮಚ ತೆಗೆದಳು, ತುಂಬಿಸಿ ಮೊದಲು ತನ್ನ ಬಾಯಿಗೇ ಸುರಿದುಕೊಂಡಳು. ಸಿಹಿಯ ಹಿಂದೆ ಏನೋ ಒಗರು. ಔಷಧಿ ಅಂದ ಮೇಲೆ ಹಾಗೇ ಇರುತ್ತದೆ ಎಂದುಕೊಂಡು ಮಗುವಿಗೂ ಒಂದು ಚಮಚ ಕುಡಿಸಿದಳು. ಕಡ್ಡಿಯನ್ನು ಜೊತೆಗೇ ಕರೆದುಕೊಂಡು ಕ್ಯಾಂಟೀನಿಗೆ ಬಂದು, ಎಂದಿನಂತೆ ಸೂಪನ್ನೂ ರುಚಿ ನೋಡಿ ಮುಚ್ಚಳ ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಹೊಟ್ಟೆಯೊಳಗೆ ಯಾರೋ ಬಟ್ಟೆ ಹಿಂಡಿದ ಹಾಗಾಯಿತು.

ಅತ್ತೆ ಒಂದು ಬಕೆಟ್ ಹಿಡಿದು ಕೂತಳು, ಕಡ್ಡಿ ಇನ್ನೊಂದು ಹಿಡಿದು ಕೂತಳು. ಮಗುವಿನದು ದಿನದ ಪಾಡು, ಅದನ್ನು ಯಾರೂ ಪ್ರಶ್ನಿಸಲಿಲ್ಲ. ಆದರೆ ಚಮಚದಕ್ಕ ವಾಂತಿ ಮಾಡುವುದೆಂದರೆ ಕಾರ್ಖಾನೆಯ ಚಿಮಣಿ ಬಿದ್ದಂತೆ. ಅವಳಿಗೆ ಬಂದ ಮೊದಲ ಯೋಚನೆ ಅಡುಗೆಯವಳಿಗಷ್ಟೇ ಬರುವಂಥದ್ದು: ಸೂಪು ಕೆಟ್ಟಿದೆ. ಬಾಟಲಿಯ ಕಡೆ ಮನಸ್ಸು ಹರಿಯಲೇ ಇಲ್ಲ. ತನ್ನ ಕೈಯಡುಗೆಯ ಮೇಲೇ ಅನುಮಾನಪಟ್ಟು, ಇಡೀ ಕಾರ್ಖಾನೆಗಾಗಿ ಮಾಡಿದ ಸೂಪಿನ ಹಂಡೆಯನ್ನು ಮೋರಿಗೆ ಸುರಿಸಿಬಿಟ್ಟಳು. ಅಂದು ಮಧ್ಯಾಹ್ನ ಕೆಲಸಗಾರರಿಗೆ ಸಿಕ್ಕದ್ದು ಒಣ ಬ್ರೆಡ್ಡು.

‘ಸೂಪು ಚೆನ್ನಾಗೇ ಇತ್ತಲ್ಲ ಅಕ್ಕ. ತರಕಾರಿ ಹೆಚ್ಚೋ ನಾವೆಲ್ಲ ಆಗ್ಲೇ ಒಂದೊಂದು ಬಟ್ಟಲು ಕುಡಿದಿದ್ವಿ, ನಮಗೇನೂ ಆಗಿಲ್ಲ’ ಎಂದಳು ತರಕಾರಿ ಹೆಚ್ಚುವವಳು, ತಡವಾಗಿ. ಚಮಚದಕ್ಕನ ಮಾನ ಆ ಸೂಪಿನ ಜೊತೆಗೇ ಹರಿದುಹೋಗಿತ್ತು.

ಮಾರನೆಯ ಬೆಳಿಗ್ಗೆ ಅವಳಿಗಿನ್ನೂ ತಲೆ ಎತ್ತಲಾಗುತ್ತಿರಲಿಲ್ಲ. ಔಷಧಿ ಕೊಡುವುದು ಮರೆತುಹೋಯಿತು. ಮಧ್ಯಾಹ್ನ ಎದ್ದು ನೋಡಿದರೆ, ಕಡ್ಡಿ ಅಡುಗೆಮನೆಯ ನೆಲದ ಮೇಲೆ ಕೂತು ಬೇಯಿಸಿಟ್ಟ ಆಲೂಗಡ್ಡೆಯನ್ನೆಲ್ಲ ಉಪ್ಪು ಹಚ್ಚಿಕೊಂಡು ತಿಂದು ಮುಗಿಸಿದ್ದಳು. ಅತ್ತೆ ಬಕೆಟ್ ತಂದಿಟ್ಟು ಕಾದಳು. ಬಕೆಟ್ ಸಂಜೆಯವರೆಗೂ ಖಾಲಿ ಉಳಿಯಿತು.

‘ಇನ್ನೂ ಇದ್ಯಾ ಅತ್ತೆ?’ ಎಂದು ಕೇಳಿತು ಮಗು.

ಆಗ ಚಮಚದಕ್ಕ ಹಿಂದಿನ ದಿನದ್ದನ್ನೆಲ್ಲ ಲೆಕ್ಕ ಹಾಕಿದಳು. ಇಬ್ಬರೂ ತಿಂದದ್ದರಲ್ಲಿ, ತರಕಾರಿ ಹೆಚ್ಚುವವರು ತಿನ್ನದೇ ಇದ್ದದ್ದು ಒಂದೇ ಒಂದು. ಅವಳಿಗೆ ಹೆದರಿಕೆಯಾಯಿತು, ತಾನು ಅಂದುಕೊಂಡದ್ದು ನಿಜವಾಗಿಬಿಡಬಾರದಲ್ಲ ಎಂಬ ಹೆದರಿಕೆ. ಮಾರನೆಯ ದಿನ ಬೇರೇನನ್ನೂ ಮುಟ್ಟದೆ, ಬಾಗಿಲು ಹಾಕಿಕೊಂಡು, ಬರೀ ಹೊಟ್ಟೆಗೆ ಆ ಟಾನಿಕ್ಕನ್ನು ಇನ್ನೊಂದು ಚಮಚ ಕುಡಿದಳು. ಹೊಟ್ಟೆ ಎರಡನೇ ಸಲವೂ ಅದೇ ಸಾಕ್ಷಿ ಹೇಳಿತು. ಬಕೆಟ್ಟಿನ ಮುಂದೆ ಕೂತು ಅವಳು ಅತ್ತದ್ದು ಸಂಕಟಕ್ಕಲ್ಲ. ಆ ಮಗು ಇದನ್ನು ಹುಟ್ಟಿದಾಗಿನಿಂದ ನುಂಗಿಕೊಂಡು ಬಂದಿದೆಯಲ್ಲ, ಹೆತ್ತವಳ ಕೈಯಿಂದಲೇ, ಎಂದು ಅತ್ತಳು.

ಬಾಟಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಕಡ್ಡಿಯನ್ನು ನೋಡುತ್ತಿದ್ದ ಮಕ್ಕಳ ಡಾಕ್ಟರ ಹತ್ತಿರ ಹೋದಳು. ಆ ಡಾಕ್ಟರಮ್ಮ ನಗಲಿಲ್ಲ, ಗದರಲೂ ಇಲ್ಲ. ಅರ್ಧ ಔಷಧಿಯನ್ನು ಪರೀಕ್ಷೆಗೆ ತೆಗೆದಿಟ್ಟುಕೊಂಡು, ‘ವರದಿ ಬರೋಕೆ ಸ್ವಲ್ಪ ದಿನ ಬೇಕು. ಅಲ್ಲಿವರೆಗೂ ಮಗು ನಿಮ್ಮ ಹತ್ರಾನೇ ಇರ್ಲಿ. ಇದನ್ನ ಮುಟ್ಟಿಸಬೇಡಿ’ ಎಂದರು. ತಮಗೂ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು, ಏನೆಂದು ಹೊಳೆದಿರಲಿಲ್ಲ ಎಂದೂ ಹೇಳಿದರು.

ಆದರೆ ವರದಿ ಬರುವ ಮೊದಲೇ ತಮ್ಮ ಬಂದ. ನಾಳೆ ಹೆಂಡತಿಯನ್ನು ಮನೆಗೆ ಕಳಿಸುತ್ತಾರೆ, ಮಗಳನ್ನು ಕೊಡು ಎಂದ. ಕೊಟ್ಟರೆ ನಾಳಿದ್ದು ಬೆಳಿಗ್ಗೆ ಮತ್ತೆ ಆ ಚಮಚ, ಆ ಬಕೆಟ್. ಚಮಚದಕ್ಕ ಬಾಗಿಲಿಗೆ ಅಡ್ಡ ನಿಂತು ಎಲ್ಲವನ್ನೂ ಹೇಳಿದಳು. ತಮ್ಮನ ಮುಖ ಕೆಂಪಾಯಿತು.

‘ಹೆತ್ತ ತಾಯಿ ಮೇಲೆ ಹೀಗೆ ಹೇಳೋಕೆ ನಿನಗೆ ಬಾಯಾದ್ರೂ ಹೇಗೆ ಬಂತಕ್ಕ? ನಿನಗೆ ಮಕ್ಕಳಿಲ್ಲ ಅಂತ ನನ್ನ ಮನೆ ಒಡೀತೀಯಾ?’

ತಾನೇ ಎತ್ತಿ ಬೆಳೆಸಿದವನ ಬಾಯಿಂದ ಆ ಮಾತು ಬಂದರೆ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಅವಳು ಮಾತ್ರ ಬಾಗಿಲು ಬಿಡಲಿಲ್ಲ.

‘ನನ್ನ ನಂಬಬೇಡ ಕಣೋ. ಒಂದು ಚಮಚ ಕುಡಿ, ಸಾಕು.’

‘ಕುಡೀತೀನಿ. ಅವಳ ಎದುರಿಗೇ ಕುಡೀತೀನಿ. ಏನೂ ಆಗದಿದ್ರೆ ನೀನು ಅವಳ ಕಾಲಿಗೆ ಬೀಳಬೇಕು.’

‘ಬೀಳ್ತೀನಿ, ನಡಿ.’

ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಇಬ್ಬರೂ ಆಸ್ಪತ್ರೆಗೆ ಹೋದರು. ಹೆಂಡತಿ ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಕಾಲು ಚಾಚಿ ಕೂತಿದ್ದಳು. ಗಂಡನನ್ನು ಕಂಡು ನಕ್ಕಳು. ಅತ್ತಿಗೆಯ ಕೈಯಲ್ಲಿನ ಬಾಟಲಿ ಕಂಡು ನಗು ಅಲ್ಲೇ ನಿಂತಿತು.

‘ನೋಡು, ನಮ್ಮಕ್ಕ ಏನೇನೋ ಹೇಳ್ತಾಳೆ’ ಎಂದ ತಮ್ಮ. ‘ಇದರಲ್ಲಿ ಏನೋ ಬೆರೆಸಿದ್ದೀಯಂತೆ. ನಿನ್ನ ಮೇಲಿನ ನಂಬಿಕೆಗೆ ನಾನಿದನ್ನ ಪೂರ್ತಿ ಕುಡೀತೀನಿ.’ ಅಕ್ಕ ಚಾಚಿದ ಚಮಚ ತಳ್ಳಿ, ಬಾಟಲಿಯನ್ನೇ ಕಸಿದು ಬಾಯಿಗೆ ಎತ್ತಿದ.

‘ಬೇಡ ರೀ.’

ಸಣ್ಣ ದನಿ. ಆದರೆ ಮುರಿದ ಕಾಲನ್ನೂ ಲೆಕ್ಕಿಸದೆ ಮುಂದಕ್ಕೆ ಬಾಗಿ ಅವನ ಮುಂಗೈಯನ್ನು ಎರಡೂ ಕೈಯಿಂದ ಹಿಡಿದಿದ್ದಳು. ‘ನೀವು ಕುಡೀಬೇಡಿ. ಅಷ್ಟೊಂದು ಕುಡಿದ್ರೆ ಏನಾದ್ರೂ ಆಗುತ್ತೆ.’

ತಮ್ಮ ಬಾಟಲಿಯನ್ನು ಕೆಳಗಿಳಿಸಿದ. ಹೆಂಡತಿಯನ್ನು ನೋಡಿದ, ಬಾಟಲಿ ನೋಡಿದ, ಮತ್ತೆ ಹೆಂಡತಿಯನ್ನು ನೋಡಿದ.

‘ಮಗೂಗೆ ಕುಡಿಸುವಾಗ ಈ ಮಾತು ಯಾಕೆ ಬರ್ಲಿಲ್ಲ ನಿನಗೆ?’ ಎಂದ.

ಅವಳು ಅವನ ಮುಂಗೈ ಬಿಟ್ಟು ಹೊದಿಕೆಯನ್ನು ಕಾಲ ಮೇಲೆ ಎಳೆದುಕೊಂಡಳು. ಚಮಚದಕ್ಕ ಗೆದ್ದಿದ್ದಳು. ಗೆದ್ದ ಸಂತೋಷ ಆ ಹೊತ್ತಿಗೆ ಬರಲಿಲ್ಲ; ತಮ್ಮನ ರಟ್ಟೆ ಹಿಡಿದು ಕುರ್ಚಿಯ ಮೇಲೆ ಕೂರಿಸಿದಳು, ಚಿಕ್ಕಂದಿನಲ್ಲಿ ಕೂರಿಸುತ್ತಿದ್ದಂತೆ.

ಆಮೇಲೆ ವರದಿ ಬಂತು. ವಿಷ ನುಂಗಿದವರಿಗೆ ವಾಂತಿ ಬರಿಸಲು ಕೊಡುವಂಥ ಔಷಧಿಯನ್ನು ಟಾನಿಕ್ಕಿನಲ್ಲಿ ಬೆರೆಸಲಾಗಿತ್ತು. ಕೋರ್ಟು, ವಿಚಾರಣೆ ಎಲ್ಲ ನಡೆದವು. ಆ ತಾಯಿಗೂ ಮನಸ್ಸಿನ ಚಿಕಿತ್ಸೆ ಬೇಕು ಎಂದರು ಬಲ್ಲವರು, ಅದು ಸಿಕ್ಕಿತು ಕೂಡ. ಅವಳದು ಕಾಯಿಲೆಯೋ ಕ್ರೌರ್ಯವೋ ಅವರೇ ಹೇಳಲಿ. ಮಗುವಿನ ಹೊಟ್ಟೆಗೆ ಎರಡೂ ಒಂದೇ. ಕಡ್ಡಿ ಅತ್ತೆಯ ಮನೆಯಲ್ಲೇ ಉಳಿದಳು, ತಮ್ಮ ಹತ್ತಿರದ ಊರುಗಳಿಗಷ್ಟೇ ಲಾರಿ ಓಡಿಸತೊಡಗಿದ. ‘ನಮಗೆ ಮೊದ್ಲೇ ಅನುಮಾನ ಇತ್ತು’ ಎಂದರು ಬೀದಿಯ ಹೆಂಗಸರು. ಬೀದಿಗೆ ಎಲ್ಲವೂ ಮೊದಲೇ ಗೊತ್ತಿರುತ್ತದೆ, ಹೇಳುವುದು ಮಾತ್ರ ಆಮೇಲೆ.

ಇಷ್ಟಾದರೂ ಕೆಲಸ ಪೂರ್ತಿಯಾಗಿರಲಿಲ್ಲ. ನಡೆದದ್ದು ಮಗುವಿಗೆ ತಿಳಿದ ಮೇಲೆ ಅದು ಯಾರು ಏನು ಕೊಟ್ಟರೂ ಬಾಯಿ ತೆರೆಯದಾಯಿತು. ತಟ್ಟೆ ಮುಂದಿಟ್ಟರೆ ಅತ್ತೆಯ ಕಡೆ ಸರಿಸಿ, ‘ನೀನು ಮೊದಲು’ ಎನ್ನುತ್ತಿತ್ತು. ನೀರಿಗೂ ಅದೇ ಮಾತು. ಶಾಲೆಯಲ್ಲಿ ಗೆಳತಿ ಕೊಟ್ಟ ಬಿಸ್ಕತ್ತನ್ನು ಜೇಬಿನಲ್ಲಿಟ್ಟು ತಂದು, ಅತ್ತೆ ಒಂದು ಚೂರು ತಿಂದ ಮೇಲೆ ತಾನು ತಿನ್ನುತ್ತಿತ್ತು. ಚಮಚದಕ್ಕ ಬೇಸರಿಸಲಿಲ್ಲ. ‘ನಾನು ಊದಿಕೊಳ್ತಾ ಇರೋದು ನಿನ್ನ ಪಾಲು ತಿಂದೇ ಕಣೇ’ ಎಂದು ಹಾಸ್ಯ ಮಾಡುತ್ತ ವರ್ಷಗಟ್ಟಲೆ ರುಚಿ ನೋಡಿದಳು. ಒಳಗೊಳಗೆ ಮಾತ್ರ ಒಂದೇ ಚಿಂತೆ: ನಾನು ಸತ್ತ ಮೇಲೆ ಇವಳು ಯಾರ ಕೈಯ ಅನ್ನ ತಿಂತಾಳೆ?

ಕಡ್ಡಿಗೆ ಹೆಸರು ಹಾಗೇ ಉಳಿಯಿತು, ಕಡ್ಡಿಯಂಥ ಮೈ ಉಳಿಯಲಿಲ್ಲ. ಕಾಲು ಗಟ್ಟಿಯಾದವು, ಓಡತೊಡಗಿದಳು. ಪಂದ್ಯಕ್ಕೆ ಹೆಸರು ಕೊಟ್ಟಾಗ, ಅಂದು ಒಣ ಬ್ರೆಡ್ಡು ತಿಂದು ಬೈದಿದ್ದ ಆ ಕೆಲಸಗಾರರೇ ಅವಳ ಅಳತೆಗೆ ಬೂಟು ಹೊಲಿದುಕೊಟ್ಟರು. ‘ನಮ್ಮ ಸೂಪಿನ ಬಾಕಿ ಇದೆ, ಗೆದ್ದು ತೀರಿಸು’ ಎಂದು ಕಳಿಸಿದರು. ಅರ್ಧ ಕಾರ್ಖಾನೆ ಮೈದಾನಕ್ಕೆ ಬಂದಿತ್ತು. ಕೊನೆಯ ತಿರುವಿನಲ್ಲಿ ಕಡ್ಡಿ ಎಲ್ಲರನ್ನೂ ಹಿಂದೆ ಹಾಕಿದಾಗ ತಮ್ಮ ಲಾರಿಯ ಹಾರನ್ ಒತ್ತಿದ ಕೈಯನ್ನು ತೆಗೆಯಲೇ ಇಲ್ಲ. ಹೊಟ್ಟೆಯ ಮೇಲೆ ಹೊಲಿಗೆಯ ಗುರುತಿದ್ದ ಹುಡುಗಿ ಎಲ್ಲರಿಗಿಂತ ಮುಂದೆ ಬಂದು ದಾರ ಹರಿದಳು.

ಚಮಚದಕ್ಕ ಜನರನ್ನು ತಳ್ಳಿಕೊಂಡು ಹತ್ತಿರ ಬಂದಳು. ಅಷ್ಟರಲ್ಲಿ ಗುರುತು ಪರಿಚಯವಿಲ್ಲದ ಯಾರೋ ಒಬ್ಬ ಹೆಂಗಸು ಗುಂಪಿನೊಳಗಿಂದ ಕೈ ಚಾಚಿ, ‘ತಗೋ ಮಗಳೇ’ ಎಂದು ಒಂದು ದೊಡ್ಡ ಲೋಟ ಹಣ್ಣಿನ ರಸ ಕೊಟ್ಟಳು. ಅತ್ತೆಯ ಕೈ ತಾನಾಗಿಯೇ ಕೊರಳ ಚಮಚಕ್ಕೆ ಹೋಯಿತು.

ಕಡ್ಡಿ ಅತ್ತೆಗಾಗಿ ಅತ್ತಿತ್ತ ನೋಡಲಿಲ್ಲ. ಲೋಟ ಎತ್ತಿ, ತಲೆ ಹಿಂದಕ್ಕೆ ಹಾಕಿ, ಗಟಗಟನೆ ಕುಡಿದು, ಬಾಯಿ ಒರೆಸಿಕೊಂಡು, ‘ಇನ್ನೂ ಇದ್ಯಾ?’ ಎಂದು ಆ ಹೆಂಗಸನ್ನೇ ಕೇಳಿದಳು.

ಚಮಚದಕ್ಕ ಚಮಚವನ್ನು ಮೆಲ್ಲಗೆ ಬಟ್ಟೆಯೊಳಕ್ಕೆ ಸೇರಿಸಿಕೊಂಡಳು.