ಬಾಗಿಲ ಹಿಂದಿನ ಅತ್ತೆ

ಅಲ್ಮೇರಾದ ಕೆಳಗಿನ ಖಾನೆಯಲ್ಲಿ ಹಾಸಿದ್ದ ಹಳೇ ಪೇಪರು ಬದಲಾಯಿಸೋಣವೆಂದು ಇವತ್ತು ಬೆಳಿಗ್ಗೆ ಕೂತೆ. ಇಂಥ ಕೆಲಸಕ್ಕೆ ಕೂತವರು ಯಾರೂ ಬರೀ ಪೇಪರು ಬದಲಾಯಿಸಿ ಏಳುವುದಿಲ್ಲ, ಅದು ನಿಮಗೂ ಗೊತ್ತು. ಅಡಿಯಲ್ಲಿ ಒಂದು ಫೋಟೋ ಸಿಕ್ಕಿತು. ಚಂದ್ರಗುತ್ತಿ ಗುಡಿಯ ಮೆಟ್ಟಿಲ ಮೇಲೆ ನನ್ನ ಅಮ್ಮ ಮತ್ತು ನನ್ನ ಯಜಮಾನರು ಅಕ್ಕಪಕ್ಕ ನಿಂತಿದ್ದಾರೆ. ಯಜಮಾನರು ನಗುತ್ತಿದ್ದಾರೆ, ಅಮ್ಮ ಸೆರಗು ಹಿಡಿದುಕೊಂಡು ಗಂಭೀರವಾಗಿದ್ದಾಳೆ. ಚೆಂದದ ಫೋಟೋ. ದೋಷ ಒಂದೇ, ಅವರಿಬ್ಬರೂ ಜೊತೆಯಾಗಿ ಚಂದ್ರಗುತ್ತಿಗೆ ಹೋದವರೇ ಅಲ್ಲ. ಚಂದ್ರಗುತ್ತಿ ಇರಲಿ, ಈ ಫೋಟೋ ಹುಟ್ಟಿದ ಹೊತ್ತಿಗೆ ಅವರು ಒಬ್ಬರ ಮುಖವನ್ನೊಬ್ಬರು ನೆಟ್ಟಗೆ ನೋಡಿದವರೂ ಅಲ್ಲ.

ಜಗಳವೇನಾದರೂ ಇತ್ತೇ ಎಂದು ಕೇಳಬೇಡಿ. ಜಗಳ ಆಡಬೇಕಾದರೂ ಮಾತು ಬೇಕಲ್ಲ. ಸೊರಬದ ನನ್ನ ತವರಿನಲ್ಲಿ ಅತ್ತೆಯಾದವಳು ಅಳಿಯನ ಎದುರು ಬರುವ ಪದ್ಧತಿಯಿಲ್ಲ. ಅಜ್ಜಿ ನನ್ನ ಅಪ್ಪನ ಎದುರು ಬರಲಿಲ್ಲ, ಅಮ್ಮ ನನ್ನ ಯಜಮಾನರ ಎದುರು ಬರಲಿಲ್ಲ. ಹಾಗೆಂದು ಅಮ್ಮ ಮೂಗಿಯಲ್ಲ. ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತಿಯಾದವಳು. ಮಕ್ಕಳ ಬೇಳೆ ಕಡಿಮೆ ಬಂತೆಂದು ತಾಲ್ಲೂಕು ಆಫೀಸಿನಲ್ಲಿ ಮೇಜು ಕುಟ್ಟಿ ಕೇಳಿ ಬಂದ ಹೆಂಗಸು. ಆದರೆ ಶಿಕಾರಿಪುರದಿಂದ ಅಳಿಯ ಬಂದರೆಂದರೆ ಸಾಕು, ಅಡುಗೆಮನೆಯ ಬಾಗಿಲ ಹಿಂದೆ ಸರಿದುಬಿಡುತ್ತಿದ್ದಳು. ಅಲ್ಲಿಂದ ಸೀರೆಯ ಅಂಚೊಂದು ಮಾತ್ರ ಕಾಣುತ್ತಿತ್ತು.

ಹಾಗಾಗಿ ಮದುವೆಯಾದ ದಿನದಿಂದ ನನಗೊಂದು ನೌಕರಿ ಸಿಕ್ಕಿತು. ಸಂಬಳವಿಲ್ಲ, ರಜೆಯಿಲ್ಲ. ಅಮ್ಮ ಬಾಗಿಲ ಹಿಂದಿನಿಂದ "ಅವರಿಗೆ ಇನ್ನೊಂದು ಹೋಳಿಗೆ ಹಾಕ್ತೀನಿ ಅನ್ನೇ" ಎನ್ನುವಳು. ಮೂರು ಮೊಳದಾಚೆ ಕೂತ ಇವರಿಗೆ ಅದು ಸ್ಪಷ್ಟವಾಗಿ ಕೇಳಿಸಿರುತ್ತಿತ್ತು. ಆದರೂ ಇವರು ನಾನು ಹೇಳುವವರೆಗೆ ಕಾದು, "ಸಾಕು ಅಂತ ಹೇಳು ನಿಮ್ಮಮ್ಮಾರಿಗೆ" ಎನ್ನುವರು. ಅದು ಅಮ್ಮನಿಗೂ ಕೇಳಿಸಿರುತ್ತಿತ್ತು. ಆದರೂ ಅವಳು ನನ್ನ ಬಾಯಿಂದ ಬರಲೆಂದು ಕಾಯುವಳು. ನಾನು ಈ ಕೆಲಸದಲ್ಲಿ ಸ್ವಲ್ಪ ಕೈಚಳಕವನ್ನೂ ತೋರಿಸುತ್ತಿದ್ದೆ. ಇವರು "ಸಾರಿಗೆ ಉಪ್ಪೇ ಇಲ್ಲ" ಎಂದರೆ ನಾನು ಬಾಗಿಲ ಕಡೆ ತಿರುಗಿ, "ಸಾರು ಹದವಾಗಿದೆಯಂತಮ್ಮ" ಎನ್ನುತ್ತಿದ್ದೆ. ಬಾಗಿಲ ಹಿಂದಿನಿಂದ ಒಂದು ಹಿಡಿ ಉಪ್ಪು ಬಟ್ಟಲಲ್ಲಿ ಬರುತ್ತಿತ್ತು.

ಇಂಥ ಸುಖದ ದಿನಗಳಲ್ಲಿ ಇವರ ಪಾದ ಊದಿಕೊಂಡಿತು. ಬಸ್‌ಸ್ಟ್ಯಾಂಡಿನ ಹತ್ತಿರ ಇವರದೊಂದು ಫೋಟೋ ಸ್ಟುಡಿಯೋ ಇದೆ. ಮದುವೆ ಸೀಸನ್ನಿನಲ್ಲಿ ನಿಂತೂ ನಿಂತೂ ಊದಿರಬೇಕು ಎಂದುಕೊಂಡೆವು. ಶಿವಮೊಗ್ಗದ ಡಾಕ್ಟರು ರಕ್ತ ನೋಡಿ, ಎರಡೂ ಕಿಡ್ನಿ ಹೆಚ್ಚುಕಡಿಮೆ ಕೆಲಸ ನಿಲ್ಲಿಸಿವೆ ಎಂದರು. ಆಮೇಲೆ ವಾರಕ್ಕೆ ಮೂರು ಸಲ ಶಿವಮೊಗ್ಗ, ಡಯಾಲಿಸಿಸ್, ವಾಪಸ್ ಬರುವಾಗ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ. ಮನೆ ಕಟ್ಟಲೆಂದು ಕೊಂಡಿದ್ದ ಸೈಟು ಹೋಯಿತು. ನನ್ನ ಬಳೆ ಹೋದವು. ಅದನ್ನೆಲ್ಲ ಬಿಡಿಸಿ ಹೇಳಿ ನಿಮ್ಮ ಬೆಳಗನ್ನು ಹಾಳುಮಾಡುವುದಿಲ್ಲ.

ಆ ಕಾಯಿಲೆಯಲ್ಲಿ ನೀರನ್ನು ಅಳೆದು ಕುಡಿಯಬೇಕು. ಇವರಿಗೆ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ದೇವಸ್ಥಾನದ ಕಡೆ ತಲೆ ಹಾಕದ ಮನುಷ್ಯ ಇದ್ದಕ್ಕಿದ್ದಂತೆ ದೈವಭಕ್ತರಾದರು. ಬೆಳಿಗ್ಗೆ ಒಂದು ಗುಡಿ, ಸಂಜೆ ಎರಡು ಗುಡಿ. ಕಷ್ಟ ಮನುಷ್ಯನನ್ನು ದೇವರ ಹತ್ತಿರ ತಂದಿತಲ್ಲ ಎಂದು ನಾನು ಕಣ್ಣು ಒರೆಸಿಕೊಂಡೆ. ಆಮೇಲೆ ಒಂದು ದಿನ ಅರ್ಚಕರೇ ಮನೆಗೆ ಬಂದು, "ಯಜಮಾನ್ರು ತೀರ್ಥಕ್ಕೆ ಮೂರು ಮೂರು ಸಲ ಕೈ ಒಡ್ತಾರಲ್ಲಮ್ಮ, ಮನೇಲಿ ನೀರಿಗೇನಾದ್ರೂ ತೊಂದ್ರೆನಾ?" ಎಂದು ಕೇಳಿದರು.

ನೋಡಲು ಬರುವವರದು ಇನ್ನೊಂದು ಕಥೆ. ರೋಗಿಯ ಮನೆಗೆ ಬರಿಗೈಲಿ ಹೋಗಬಾರದಲ್ಲ, ಎಲ್ಲರ ಕೈಯಲ್ಲೂ ಎಳನೀರು, ಬಾಳೆಹಣ್ಣು. ಇವರಿಗೆ ಮುಟ್ಟಲೇಬಾರದೆಂದು ಡಾಕ್ಟರು ಹೇಳಿದ್ದವೂ ಎಳನೀರು, ಬಾಳೆಹಣ್ಣುಗಳೇ. ಬಂದವರ ಎದುರು ಇವರು ಆಸೆಗಣ್ಣಿನಿಂದ ನೋಡುತ್ತ ಕೂರುವರು. ಅವರು ಹೋದ ಮೇಲೆ ನಾನು ಮತ್ತು ಮಗಳು ತಿಂದು ಮುಗಿಸುವೆವು. ಇವರು ಇಳಿದಷ್ಟೂ ನಾವಿಬ್ಬರೂ ಗುಂಡಗಾದೆವು.

ಕಿಡ್ನಿ ಬದಲಾಯಿಸಿದರೆ ಬದುಕುತ್ತಾರೆ, ಇಲ್ಲದಿದ್ದರೆ ಹೀಗೇ ಎಷ್ಟು ದಿನ ಎಂದು ಹೇಳಲಾಗದು ಎಂದರು. ನನ್ನ ರಕ್ತದ ಗುಂಪು ಹೊಂದಲಿಲ್ಲ. ಇವರ ಅಣ್ಣನಿಗೆ ಸಕ್ಕರೆ ಕಾಯಿಲೆ. ತೀರಿಕೊಂಡವರಿಂದ ಸಿಗಬಹುದೆಂದು ಪಟ್ಟಿಯಲ್ಲಿ ಹೆಸರು ಬರೆಸಿ, ಫೋನು ಎದುರಿಗಿಟ್ಟುಕೊಂಡು ಕಾದೆವು. ಆ ಕಾಯುವಿಕೆ ಬಹಳ ಕೆಟ್ಟದ್ದು. ಫೋನು ಬರಲಿ ದೇವರೇ ಎಂದು ಕೈ ಮುಗಿಯುತ್ತಿದ್ದೆ, ಅದೇ ಉಸಿರಿಗೆ, ಹಾಗೆ ಬೇಡಿಕೊಂಡರೆ ಎಲ್ಲೋ ಒಂದು ಮನೆಯಲ್ಲಿ ಯಾರೋ ಹೋಗಲಿ ಎಂದಂತಾಯಿತಲ್ಲ ಎಂದು ನಾಚುತ್ತಿದ್ದೆ. ಬ್ಯಾಂಕಿನವರು ಸಾಲ ಬೇಕಾ ಎಂದು ಕೇಳಲು ಫೋನು ಮಾಡಿದಾಗಲೆಲ್ಲ ಆಸ್ಪತ್ರೆಯದೇ ಎಂದುಕೊಂಡು ಎದ್ದು ನಿಲ್ಲುತ್ತಿದ್ದೆ.

ಒಂದು ದಿನ ಅಮ್ಮ ಸೊರಬದಿಂದ ಬಂದಳು. ಇವರು ನಡುಮನೆಯಲ್ಲಿ ಮಲಗಿದ್ದರು. ಅಮ್ಮ ಅಡುಗೆಮನೆ ಸೇರಿ, ತನ್ನ ಜಾಗದಲ್ಲಿ ನಿಂತು ಹೇಳಿದಳು.

"ಅವರಿಗೆ ಹೇಳೇ, ನನ್ನದೂ ಅದೇ ಗುಂಪಂತೆ. ಸೊರಬದಲ್ಲಿ ತೋರಿಸಿಕೊಂಡೇ ಬಂದೀನಿ. ನನ್ನದೊಂದು ತಗೊಳ್ಳಲಿ."

ಆ ಸಲ ನಾನು ದಾಟಿಸುವವರೆಗೆ ಇವರು ಕಾಯಲಿಲ್ಲ. ಗೋಡೆಯ ಕಡೆ ತಿರುಗಿ, "ಬ್ಯಾಡ ಅಂತ ಹೇಳು. ಈ ವಯಸ್ಸಿನಾಗೆ ಅವರಿಗ್ಯಾಕೆ ಬೇಕು" ಎಂದರು.

"ಎಂತಾ ಮಾತು ಇದು! ಹೋಳಿಗೆ ಬಡಿಸುವಾಗ ಬೇಡ ಅಂದ್ರೆ ಯಾರಾದ್ರೂ ಬಿಡ್ತಾರಾ ಅಂತ ಕೇಳೇ ಅವರನ್ನ."

ಇವರು ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡರು. ಅತ್ತರೆಂದು ನನ್ನ ಊಹೆ. ನನಗಂತೂ ಭಯವಾಯಿತು. ಅದುವರೆಗೆ ಒಬ್ಬರನ್ನು ಕಳೆದುಕೊಳ್ಳುವ ಭಯವಿತ್ತು, ಈಗ ಇಬ್ಬರನ್ನೂ ಒಂದೇ ದಿನ ಕತ್ತಿಯ ಕೆಳಗೆ ಮಲಗಿಸಬೇಕು.

ಪರೀಕ್ಷೆಗಳೆಲ್ಲ ಆದವು, ಎಲ್ಲ ಹೊಂದಿತು. ಬೆಂಗಳೂರಿನ ಆಸ್ಪತ್ರೆಯವರು ಆಗ ಒಂದು ತೊಡಕು ಹೇಳಿದರು. ಹೆಂಡತಿ, ಮಕ್ಕಳು, ಒಡಹುಟ್ಟಿದವರು ಕೊಟ್ಟರೆ ಸಲೀಸು. ಅತ್ತೆ ಕಾನೂನಿನ ಲೆಕ್ಕದಲ್ಲಿ ಹತ್ತಿರದ ಸಂಬಂಧಿಯಲ್ಲ. ಒಂದು ಸಮಿತಿಯ ಮುಂದೆ ಕೂರಬೇಕು, ದುಡ್ಡಿಗಾಗಿ ಅಲ್ಲ, ಪ್ರೀತಿಯಿಂದಲೇ ಕೊಡುತ್ತಿದ್ದಾರೆಂದು ಅವರಿಗೆ ಖಾತ್ರಿಯಾಗಬೇಕು. ಮದುವೆ ಕಾರ್ಡು, ತಹಶೀಲ್ದಾರರ ಪತ್ರ ಎಲ್ಲ ಇದ್ದವು. "ಇಬ್ಬರೂ ಒಟ್ಟಿಗಿರುವ ಫೋಟೋ ಇದ್ದರೆ ತನ್ನಿ, ಹಬ್ಬ, ಹುಟ್ಟುಹಬ್ಬದ್ದು" ಎಂದರು.

ಊರವರ ಮನೆಯ ಹಬ್ಬಗಳನ್ನೆಲ್ಲ ಫೋಟೋ ತೆಗೆದ ಮನುಷ್ಯನ ಮನೆಯಲ್ಲಿ ಅಂಥದೊಂದು ಫೋಟೋ ಇರಲಿಲ್ಲ. ಎಲ್ಲ ಫೋಟೋಗಳಲ್ಲಿ ಇವರು ಕ್ಯಾಮೆರಾದ ಹಿಂದೆ, ಅಮ್ಮ ಬಾಗಿಲ ಹಿಂದೆ. ಹೋಗಲಿ, ಈಗಲೇ ಸ್ಟುಡಿಯೋದಲ್ಲಿ ಒಂದು ತೆಗೆಸೋಣವೆಂದು ಅಮ್ಮನಿಗೆ ಹೇಳಿದೆ.

"ಅವರ ಪಕ್ಕ ನಿಲ್ಲೋದಾ? ನಿಂಗೇನು ತಲೆ ಕೆಟ್ಟಿದೆಯಾ ಮಾರಾಯ್ತಿ? ಮರ್ಯಾದೆ ಬೇಡವಾ?"

ಕಿಡ್ನಿ ಕೊಡಲು ತಯಾರಿದ್ದವಳು ಪಕ್ಕದಲ್ಲಿ ನಿಲ್ಲಲು ತಯಾರಿರಲಿಲ್ಲ. ಕೊನೆಗೆ ನೀಲಿ ಸೀರೆ ಉಡಿಸಿ ಅವಳೊಬ್ಬಳನ್ನೇ ನಿಲ್ಲಿಸಿ, ನಾನೇ ಕ್ಯಾಮೆರಾ ಒತ್ತಿದೆ. ಇವರದು ಬೇರೆಯಾಗಿ ತೆಗೆದೆ. ಇವರು ಕಂಪ್ಯೂಟರಿನ ಮುಂದೆ ಕೂತು ಇಬ್ಬರನ್ನೂ ಜೋಡಿಸಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಕಲಾವಿದರು ನೋಡಿ, ಹುಮ್ಮಸ್ಸು ಬಂತು. ಚಂದ್ರಗುತ್ತಿಯ ಮೆಟ್ಟಿಲ ಮೇಲೆ ಒಂದು ಮಾಡಿದರು. ಕುಬಟೂರಿನ ದೇವಸ್ಥಾನದ ಕಂಬದ ಹತ್ತಿರ ಒಂದು. ಮಗಳ ಹುಟ್ಟುಹಬ್ಬದ್ದೊಂದು. ಬಹಳ ದಿನಗಳ ಮೇಲೆ ಇವರ ಮುಖದಲ್ಲಿ ಉತ್ಸಾಹ ಕಂಡಿತ್ತು, ನಾನೂ ಹಿಂದೆ ನಿಂತು, "ಅಮ್ಮನ್ನ ಇನ್ನೂ ಸ್ವಲ್ಪ ಹತ್ರ ತನ್ನಿ" ಎಂದು ಸಲಹೆ ಕೊಟ್ಟೆ.

ಸಮಿತಿಯ ದಿನ ಮೇಜಿನ ಆಚೆ ನಾಲ್ಕೈದು ಮಂದಿ ಕೂತಿದ್ದರು. ನಡುವೆ ಕನ್ನಡಕ ಹಾಕಿದ ಒಬ್ಬ ಹಿರಿಯ ಡಾಕ್ಟರಮ್ಮ. ಅವರು ಫೋಟೋಗಳನ್ನು ಸಾಲಾಗಿ ಇಟ್ಟು ನೋಡಿದರು.

"ತಾಯಿಯವರಿಗೆ ಈ ನೀಲಿ ಸೀರೆ ಬಹಳ ಇಷ್ಟ ಅಂತ ಕಾಣುತ್ತೆ."

"ಹೌದು ಮೇಡಂ, ಬಹಳ ಇಷ್ಟ" ಎಂದೆ ನಾನು.

"ಈ ಹುಟ್ಟುಹಬ್ಬದ ಫೋಟೋದಲ್ಲಿ ತಾಯಿಯವರ ಕಾಲು ನೆಲಕ್ಕೆ ತಾಗಿಲ್ಲವಲ್ಲ?"

ನಾನು ಬಗ್ಗಿ ನೋಡಿದೆ. ನಿಜ. ಕೇಕಿನ ಪಕ್ಕದಲ್ಲಿ ಅಮ್ಮ ನೆಲದಿಂದ ಗೇಣುದ್ದ ಮೇಲೆ ತೇಲುತ್ತಿದ್ದಳು. ಕೋಣೆಯಲ್ಲಿದ್ದವರ ಮುಖಗಳೆಲ್ಲ ಗಂಟಾದವು. ಸುಳ್ಳು ಫೋಟೋ ತಂದವರು ದುಡ್ಡು ಕೊಟ್ಟು ಯಾರನ್ನೋ ಅತ್ತೆ ಮಾಡಿಕೊಂಡು ಬಂದಿರಬಾರದೇಕೆ? ಇವರು ಉಳಿಯುವ ಒಂದೇ ದಾರಿಯನ್ನು ನಾವೇ ಕೈಯಾರೆ ಮುಚ್ಚಿಬಿಟ್ಟೆವು ಎಂದುಕೊಂಡೆ. ಏನೋ ಸಮಜಾಯಿಷಿ ಹೇಳಲು ಬಾಯಿ ತೆರೆದೆ.

"ನೀವು ಹೊರಗಿರಿ. ಅವರಿಬ್ಬರ ಹತ್ತಿರವೇ ಮಾತಾಡುತ್ತೇವೆ" ಎಂದರು ಡಾಕ್ಟರಮ್ಮ.

ನಾನಿಲ್ಲದೆ ಅವರಿಬ್ಬರು! ಮಾತಿಗೆ ಮಾತು ದಾಟಿಸುವವರಿಲ್ಲದೆ! ಹೊರಗೆ ಬಂದವಳು ಮರ್ಯಾದಸ್ಥರಂತೆ ದೂರದ ಕುರ್ಚಿಯಲ್ಲಿ ಕೂರಬೇಕಿತ್ತು. ಕೂರಲಿಲ್ಲ. ಬಾಗಿಲು ಪೂರ್ತಿ ಹಾಕಿಕೊಂಡಿರಲಿಲ್ಲ, ಕಿವಿ ಅಲ್ಲೇ ಇಟ್ಟೆ.

"ಈ ಫೋಟೋ ನಿಜವಾದದ್ದಾ ಅಮ್ಮ?"

"ಸುಳ್ಳು ಮೇಡಂ. ನಾನು ಬೇರೆ, ಅವರು ಬೇರೆ. ಅಂಟಿಸಿದ್ದು."

"ನಿಮ್ಮ ಅಳಿಯನ ಜೊತೆ ಮಾತಾಡ್ತೀರಾ?"

"ಇಲ್ಲ ಮೇಡಂ. ಒಂದು ದಿನವೂ ಮಾತಾಡಿದವಳಲ್ಲ."

ನಾನು ಹಣೆ ಚಚ್ಚಿಕೊಂಡೆ.

"ಮಾತೇ ಆಡದವರಿಗೆ ಕಿಡ್ನಿ ಯಾಕೆ ಕೊಡ್ತೀರಿ?"

ತಾಲ್ಲೂಕು ಆಫೀಸಿನಲ್ಲಿ ಮೇಜು ಕುಟ್ಟಿದ ಆ ದನಿ ಬಂತು.

"ಮಾತಾಡಿಲ್ಲ ಅಂದ್ರೆ ಗೊತ್ತಿಲ್ಲ ಅಂತಲ್ಲ ಮೇಡಂ. ಬಾಗಿಲ ಹಿಂದೆ ನಿಂತವರಿಗೆ ಎಲ್ಲ ಕೇಳಿಸ್ತದೆ. ನಾನು ಎದುರಿಗಿಲ್ಲ ಅಂತ ಅಳಿಯಂದಿರು ಹೆಂಡತಿ ಹತ್ರ ಹೇಗೆ ಮಾತಾಡ್ತಾರೆ ಅನ್ನೋದನ್ನ ಇಷ್ಟು ವರ್ಷ ಕೇಳೀನಿ. ಸಾರಿಗೆ ಉಪ್ಪಿಲ್ಲ ಅಂದದ್ದು ಕೇಳೀನಿ. ನನ್ನ ಮಗಳಿಗೆ ಒಂದು ಕೆಟ್ಟ ಮಾತು ಅಂದದ್ದು ಕೇಳಿಲ್ಲ. ಅಂಥವರು ಹೋಗಿಬಿಟ್ರೆ ನಾನು ಎರಡು ಇಟ್ಕೊಂಡು ಎಂತ ಮಾಡ್ಲಿ?"

ಬಾಗಿಲ ಹೊರಗೆ ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ಒಳಗೆ ಕುರ್ಚಿಯೊಂದು ಸರಿದ ಸದ್ದು. ಅಮ್ಮ ತಿರುಗಿ ಕೂತಿರಬೇಕು.

"ನಿಮಗಾದರೂ ಬುದ್ಧಿ ಬೇಡವೇನ್ರೀ? ಇಷ್ಟು ದೊಡ್ಡವರ ಮುಂದೆ ಸುಳ್ಳು ಫೋಟೋ ತರ್ತಾರಾ?"

ಅತ್ತೆ ಅಳಿಯನಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

"ತಪ್ಪಾತು ಅತ್ತೆ" ಎಂದರು ಇವರು. ಅವರು ಅತ್ತೆಗೆ ಆಡಿದ ಮೊದಲ ಮಾತೂ ಅದೇ. ಯಾರೋ ನಕ್ಕದ್ದು ಕೇಳಿಸಿತು. ಡಾಕ್ಟರಮ್ಮ ಇರಬೇಕು.

ಆದರೂ ಅವರು ನಗೆಗೆ ಮರುಳಾಗಿ ಸಹಿ ಹಾಕಿದವರಲ್ಲ. ಸೊರಬದ ಮನೆಗೇ ಜನ ಬಂದು ವಿಚಾರಿಸಿದರು, ಕಾಗದಗಳನ್ನೆಲ್ಲ ಮತ್ತೆ ತರಿಸಿದರು. ನಾವು ಮತ್ತೆ ಕಾದೆವು. ಒಪ್ಪಿಗೆ ಬಂತು. ಆಪರೇಷನ್ನಿನ ದಿನದ ಬಗ್ಗೆ ಬರೆಯಲು ನನಗೆ ಈಗಲೂ ಧೈರ್ಯವಿಲ್ಲ, ಕ್ಷಮಿಸಿ.

ಇದನ್ನೆಲ್ಲ ನೆನೆಯುತ್ತ ನಾನು ಪೇಪರಿನ ರಾಶಿಯ ನಡುವೆ ಕೂತಿದ್ದಾಗಲೇ ನಡುಮನೆಯಿಂದ ಗಲಾಟೆ ಕೇಳಿಸಿತು. ಅಮ್ಮ ಸೊರಬದಿಂದ ಬಂದು ಕೆಲವು ದಿನವಾಗಿದೆ. ಎದ್ದು ಹೋದೆ.

"ಒಂದೇ ಕಿಡ್ನಿ ಇಟ್ಕಂಡು ಗ್ಯಾಸ್ ಸಿಲಿಂಡರ್ ಎತ್ತಾಕೆ ಹೋಗ್ತೀರಲ್ಲ ಅತ್ತೆ, ನಾ ಏನ್ ಸತ್ತೋಗೀನೇನು?" ಇವರು ಕೂಗುತ್ತಿದ್ದರು.

"ನಿಮಗೆ ಮಾತ್ರ ಹತ್ತು ಕಿಡ್ನಿ ಇದೆಯಾ? ನಿನ್ನೆ ಆ ಕ್ಯಾಮೆರಾ ಚೀಲ ಹೆಗಲಿಗೆ ಹಾಕ್ಕೊಂಡು ಮದುವೆಮನೆಗೆ ಹೋದವರು ಯಾರು? ಗುಳಿಗೆ ಮರೆತು ಹೋದವರು ಯಾರು?" ಅಮ್ಮ ಸೊಂಟದ ಮೇಲೆ ಕೈಯಿಟ್ಟು ನಡುಮನೆಯ ನಟ್ಟನಡುವೆ ನಿಂತಿದ್ದಳು.

ಹಳೇ ನೌಕರಿಯ ಅಭ್ಯಾಸ, ನಾನು ನಡುವೆ ಹೋಗಿ, "ಅಮ್ಮಾ, ಅವರು ಹೇಳಿದ್ದು ಹಾಗಲ್ಲ..." ಎಂದು ಶುರುಮಾಡಿದೆ.

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. "ನೀ ಸುಮ್ನಿರು, ನಾವು ಮಾತಾಡ್ತಿಲ್ವಾ?" ಎಂದರು ಒಂದೇ ಉಸಿರಿಗೆ.

ಅವರು ಮತ್ತೆ ಶುರುಮಾಡಿದರು. ಅಷ್ಟು ಜೋರು ಮಾಡುವ ಶಕ್ತಿ ಇಬ್ಬರಲ್ಲೂ ಇದೆಯಲ್ಲ ಎಂದು, ಅಲ್ಲೇ ಪಕ್ಕದ ಕುರ್ಚಿ ಎಳೆದುಕೊಂಡು ಕೂತು, ಕಿವಿ ತುಂಬ ಕೇಳಿಸಿಕೊಂಡೆ.