ಎದುರು ಮನೆಯ ಆಂಟಿ ಮತ್ತು ನಮ್ಮ ಗೀಸರ್

ಒಮಾನಿನ ನಿಜ್ವಾದಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಮಂಗಳೂರಿನ ಆಂಟಿ, ಯಾವ ಯಂತ್ರ ಕೆಟ್ಟರೂ ಮೊದಲು ಅದಕ್ಕೆ ಕಿವಿಗೊಡುತ್ತಿದ್ದರು. "ಬಿಸಾಡ್ಬೇಡಿ ಮಾರಾಯ್ರೆ, ಅದು ಏನೋ ಹೇಳ್ತಾ ಉಂಟು" ಎನ್ನುತ್ತಿದ್ದರು.

ಚಳಿಗಾಲದ ಒಂದು ಬೆಳಿಗ್ಗೆ ನಮ್ಮ ಹಳೆಯ ಗೀಸರ್ ಕಟಕಟ ಸದ್ದು ಮಾಡಿತೇ ಹೊರತು ನೀರು ಕಾಯಲಿಲ್ಲ. ಉಡುಪಿಯಿಂದ ನನ್ನ ಬಾಣಂತನಕ್ಕೆ ಬಂದಿದ್ದ ಅಮ್ಮ, ಎಣ್ಣೆ ಹಚ್ಚಿದ ಮಗುವನ್ನು ಹಿಡಿದುಕೊಂಡು ಕಂಗಾಲಾದಳು. ಆಂಟಿ ಬಂದು ಮೇನ್ ಸ್ವಿಚ್ ಆರಿಸಿ, ನೀರೆಲ್ಲ ಖಾಲಿ ಮಾಡಿ, ಒಳಗಿನ ಕಾಯಿಲ್ ಹೊರಗೆಳೆದರು. ಅದರ ಮೇಲೆ ದಪ್ಪಗೆ ಸುಣ್ಣ ಕಟ್ಟಿತ್ತು.

"ಹೆಂಗಸರು ಕರೆಂಟಿನ ಕೆಲಸ ಮಾಡುದಾ?" ಎಂದಳು ಅಮ್ಮ.

"ಸುಣ್ಣ ಕೆರೆಯುದಕ್ಕೆ ಗಂಡಸರೇ ಬೇಕಾ ಅಮ್ಮ? ಸ್ವಲ್ಪ ವಿನೆಗರ್ ಕೊಡಿ" ಎಂದು ಆಂಟಿ ನಕ್ಕರು.

ಮಧ್ಯಾಹ್ನದೊಳಗೆ ಮಗುವಿಗೆ ಬಿಸಿನೀರು ಸಿಕ್ಕಿತು.

ಊರಿಗೆ ಮರಳಿದ ಅಮ್ಮ ಒಂದು ದಿನ ಫೋನ್ ಮಾಡಿದಳು. ಮಗುವಿನ ಸುದ್ದಿಯನ್ನೂ ಕೇಳಲಿಲ್ಲ. "ಬೇಗ ಆಂಟಿಗೆ ಫೋನ್ ಕೊಡು ಮಾರಾಯ್ತಿ, ಇಲ್ಲಿ ಗೀಸರ್ ಬಿಚ್ಚಿ ಕೂತಿದ್ದೇನೆ!"